ಕಿಡ್ನಿ ರೋಗಿ ಸೂಜಿಗೆ ಹೆದರುವವನಲ್ಲ, ಸ್ವಾಮಿ!

ಹರಿಹರದಿಂದ ದಾವಣಗೆರೆಗೆ ಬೆಳಗಿನ ಆರು ಗಂಟೆ ಸುಮಾರಿನ ಬಸ್ಸಿನಲ್ಲಿ ಓಡಾಡುವವರು ಒಂದು ಗುಂಪನ್ನು ನೋಡಿಯೇ ಇರುತ್ತೀರಿ. ಸೋಮವಾರ, ಬುಧವಾರ, ಶುಕ್ರವಾರ ಮಳೆಯಿರಲಿ, ಹಬ್ಬವಿರಲಿ ತಪ್ಪದವರು. ಒಂದು ತೋಳಿನಲ್ಲಿ ಹಗ್ಗದ ಹಾಗೆ ಉಬ್ಬಿದ ನರ. ಕೈಯಲ್ಲಿ ಆಸ್ಪತ್ರೆ ಫೈಲು, ಬುತ್ತಿ ಚೀಲ. ಬಸ್‌ಸ್ಟ್ಯಾಂಡಿನಲ್ಲಿ ಎಳನೀರಿನವನು ಕೂಗಿದರೆ ಮುಖ ತಿರುಗಿಸುವವರು. ಇವರಿಗೆ ಎಳನೀರು ಆಗದು, ಕುಡಿಯುವ ನೀರಿಗೂ ಲೋಟದ ಲೆಕ್ಕ. ಇವರು ಡಯಾಲಿಸಿಸ್ ಮಂದಿ.

ಈ ಗುಂಪಿನಲ್ಲಿ ನನ್ನ ಅಕ್ಕನ ಗಂಡ, ಭಾವನವರೂ ಒಬ್ಬರು. ಹರಿಹರದ ಪೇಟೆಯಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ. ಮೂವತ್ತು ವರ್ಷ ತಕ್ಕಡಿ ಹಿಡಿದವರು. ಮಂಡಿಪೇಟೆಗೆ ಮಾಲು ತರಲು ಹೋಗುತ್ತಿದ್ದ ಅದೇ ಬಸ್ಸಿನಲ್ಲಿ ಈಗ ರಕ್ತ ತೊಳೆಸಿಕೊಳ್ಳಲು ಹೋಗುತ್ತಾರೆ. ಸಕ್ಕರೆ ಕಾಯಿಲೆ ಹದಿನೈದು ವರ್ಷ ಸದ್ದಿಲ್ಲದೆ ಇದ್ದು ಕಿಡ್ನಿಯನ್ನು ತಿಂದು ಮುಗಿಸಿತು. ಪಾಳಿ ಸಿಕ್ಕಿದ್ದು ದಾವಣಗೆರೆಯ ಒಂದು ಕೇಂದ್ರದಲ್ಲಿ. ಜತೆಗೆ ಹೋಗುವವನು ನಾನು. ಹಾಗಾಗಿ ಈ ಬಸ್ಸಿನ ಮಾತು ಕೇಳುವ ಭಾಗ್ಯ ನನ್ನದು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಾತು ಲಸಿಕೆಯ ಕಡೆ ಹೊರಳಿತು. ಕೇಂದ್ರದ ಸಿಸ್ಟರ್ ಹಿಂದಿನ ಪಾಳಿಯಲ್ಲಿ, ಅವಸರದಲ್ಲಿ, "ಜಾಂಡೀಸ್ ಇಂಜೆಕ್ಷನ್ ಹಾಕಿಸ್ಕೊಳ್ರಿ, ಹೊರಗಡೆ ಮೆಡಿಕಲ್ ಶಾಪಿನಾಗ ಸಿಗುತ್ತೆ" ಅಂದು ಹೋಗಿದ್ದರು. ಹೆಪಟೈಟಿಸ್ ಬಿ ಲಸಿಕೆಯ ಮಾತು ಅದು.

ಭಾವ ಅಂದರು: "ನಾಲ್ಕು ಸಲ ಬೇರೆ ಹಾಕಬೇಕಂತೆ. ಇದ್ದ ಸೂಜಿ ಸಾಲದಾ?"

ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು ಮುದುಕರಾದ ಮೇಸ್ತ್ರಿ ಒಬ್ಬರು ಅಂದರು: "ಅದು ಕಿಡ್ನಿಗೆ ಕೆಟ್ಟದಂತೆ ಕಣ್ರಿ. ಚೂರುಪಾರು ಉಳಿದದ್ದೂ ಹೋಗುತ್ತಂತೆ."

ತಾಯಿಯ ಕಿಡ್ನಿಗಾಗಿ ಕಾಯುತ್ತಿರುವ ಹುಡುಗನೊಬ್ಬ ಅಂದ: "ಟ್ರಾನ್ಸ್‌ಪ್ಲಾಂಟ್ ಆದ್ಮೇಲೆ ಎಲ್ಲಾ ಒಟ್ಟಿಗೇ ನೋಡಿದ್ರಾಯ್ತು ಬಿಡಿ ಅಂಕಲ್."

ಹೂ ಮಾರುವ ಹೆಂಗಸೊಬ್ಬರು, ನಾವೆಲ್ಲ ಹೂವಿನಕ್ಕ ಅನ್ನುತ್ತೇವೆ, ಕೊನೆಗೆ ಅಂದರು: "ಡಾಕ್ಟ್ರು ನನಗೇನೂ ಹೇಳಿಲ್ಲಪ್ಪ. ಅವರು ಹೇಳಿದ್ರೆ ಹಾಕಿಸ್ಕೊಳ್ತಿದ್ದೆ."

ಈ ನಾಲ್ಕು ಮಾತುಗಳಲ್ಲಿ ಇಡೀ ಸಮಸ್ಯೆ ಇದೆ. ಎ.ಸಿ. ಕೋಣೆಯಲ್ಲಿ ಕೂತವರು ಇದಕ್ಕೆ "ಜನರ ಅಜ್ಞಾನ" ಎಂದು ಒಂದೇ ಹೆಸರಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಸ್ವಾಮಿ, ವಾರಕ್ಕೆ ಮೂರು ಸಲ, ಸಲಕ್ಕೆ ಎರಡು ದಪ್ಪ ಸೂಜಿ. ವರ್ಷಕ್ಕೆ ಮುನ್ನೂರಕ್ಕೂ ಮೇಲೆ ಚುಚ್ಚಿಸಿಕೊಳ್ಳುವ ಮನುಷ್ಯ ಇನ್ನೊಂದು ಸಣ್ಣ ಸೂಜಿಗೆ ಹೆದರುತ್ತಾನೆಯೇ? ಅವನು ಹೆದರುವುದು ಬೇರೆಯದಕ್ಕೆ. ಅದೇನೆಂದು ಕೇಳುವ ಪುರುಸೊತ್ತು ಯಾರಿಗಿದೆ?

ಗಾಳಿ ಮಾತು ಹುಟ್ಟಿದ ಬಗೆ

ಅದೇ ತಿಂಗಳು ಇನ್ನೊಂದು ಘಟನೆ ನಡೆಯಿತು. ಎರಡನೇ ಪಾಳಿಗೆ ಬರುತ್ತಿದ್ದ ಹೋಟೆಲ್ ಮಾಲೀಕರೊಬ್ಬರು ಎಲ್ಲರಿಗಿಂತ ಮೊದಲು ಧೈರ್ಯ ಮಾಡಿ ಲಸಿಕೆ ಹಾಕಿಸಿಕೊಂಡರು. ಹತ್ತು ದಿನಕ್ಕೆ ಸರಿಯಾಗಿ ಕೇಂದ್ರದವರು ಮಾಮೂಲಿ ರಕ್ತ ಪರೀಕ್ಷೆ ಮಾಡಿದರು. ಹೆಪಟೈಟಿಸ್ ಬಿ ಪಾಸಿಟಿವ್ ಎಂದು ಬಂತು. ಅವರನ್ನು ಕೂಡಲೇ ಬೇರೆ ಮಿಷಿನ್ನಿಗೆ ಹಾಕಿದರು. ಸಂಜೆಯೊಳಗೆ ಸುದ್ದಿ ಎಲ್ಲ ಬಸ್ಸುಗಳನ್ನೂ ಹತ್ತಿತ್ತು: "ಲಸಿಕೆ ಹಾಕಿದ್ದೇ ಜಾಂಡೀಸ್ ಬಂತಂತೆ!"

ಮೂರು ವಾರದ ನಂತರ ಮತ್ತೆ ಪರೀಕ್ಷೆ ಮಾಡಿದರೆ ನೆಗೆಟಿವ್. ಮಾಲೀಕರು ಹಳೆಯ ಮಿಷಿನ್ನಿಗೆ ವಾಪಸ್ಸು ಬಂದರು. ಆದರೆ ಏನಾಯಿತು ಎಂದು ಉಳಿದವರಿಗೆ ಯಾರೂ ಹೇಳಲಿಲ್ಲ. ಕೆಟ್ಟ ಸುದ್ದಿ ಬಸ್ಸಿನಲ್ಲಿ ಹೋಯಿತು, ಒಳ್ಳೆಯ ಸುದ್ದಿ ನಡೆದುಕೊಂಡೂ ಬರಲಿಲ್ಲ.

ಆದದ್ದು ಇಷ್ಟು. ಈ ಲಸಿಕೆಯಲ್ಲಿ ಜೀವಂತ ವೈರಸ್ಸು ಇಲ್ಲ. ಸತ್ತ ವೈರಸ್ಸೂ ಇಲ್ಲ. ವೈರಸ್ಸಿನ ಹೊರಗವಚದ ಒಂದು ಪ್ರೋಟೀನನ್ನು ಯೀಸ್ಟಿನಲ್ಲಿ ಬೆಳೆಸಿ ತುಂಬಿರುತ್ತಾರೆ. ಪರೀಕ್ಷೆಯವರು ರಕ್ತದಲ್ಲಿ ಹುಡುಕುವುದೂ ಅದೇ ಪ್ರೋಟೀನನ್ನು. ಹಾಗಾಗಿ ಲಸಿಕೆ ಹಾಕಿದ ಎರಡು ಮೂರು ವಾರದೊಳಗೆ ಪರೀಕ್ಷೆ ಮಾಡಿದರೆ ಕೆಲವರಲ್ಲಿ ಸುಳ್ಳು ಪಾಸಿಟಿವ್ ಕಾಣಿಸುವುದುಂಟು. ಗೂಟಕ್ಕೆ ತೂಗುಹಾಕಿದ ಅಂಗಿ ನೋಡಿ ಆಸಾಮಿ ಒಳಗಿದ್ದಾನೆ ಎಂದ ಹಾಗೆ. ಅದು ಕಾಯಿಲೆಯಲ್ಲ. ಪರೀಕ್ಷೆಗೆ ರಕ್ತ ಮೊದಲು ತೆಗೆದು, ಲಸಿಕೆ ಆಮೇಲೆ ಹಾಕಿದ್ದರೆ ಈ ರಾದ್ಧಾಂತವೇ ಇರುತ್ತಿರಲಿಲ್ಲ. ಅಥವಾ ಹೀಗೂ ಆಗಬಹುದು ಎಂದು ಒಂದು ಮಾತು ಹೇಳಿದ್ದರೂ ಸಾಕಿತ್ತು.

ಆ ಒಂದು ಮಾತು ಇಲ್ಲದ್ದಕ್ಕೆ ನಮ್ಮ ಬಸ್ಸಿನ ನಾಲ್ವರೂ ಲಸಿಕೆ ಬೇಡವೆಂದರು. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಹೂವಿನಕ್ಕ ನನ್ನ ಕಡೆ ತಿರುಗಿ, "ನೀವು ಪೇಪರಿನವರು, ನೀವೇನಂತೀರಿ?" ಎಂದು ಕೇಳಿದ್ದರು. "ಸದ್ಯಕ್ಕೆ ಬೇಡ ಬಿಡಕ್ಕ, ನೋಡಿಕೊಂಡು ಹಾಕಿಸ್ಕೊಂಡ್ರಾಯ್ತು" ಎಂದವನು ನಾನೇ.

ಹೂವಿನಕ್ಕನ ಲೆಕ್ಕ

ಮುಂದಿನ ವರ್ಷ ಹೂವಿನಕ್ಕನಿಗೆ ಪಾಸಿಟಿವ್ ಬಂತು. ಮತ್ತೆ ಪರೀಕ್ಷೆ ಮಾಡಿದರು, ಮತ್ತೂ ಪಾಸಿಟಿವ್. ಅವರು ಲಸಿಕೆ ಹಾಕಿಸಿಕೊಂಡಿರಲಿಲ್ಲವಾದ್ದರಿಂದ ಅಂಗಿಯ ಕಥೆ ಇಲ್ಲಿ ನಡೆಯುವುದಿಲ್ಲ. ಆಸಾಮಿಯೇ ಒಳಗೆ ಬಂದಿದ್ದ.

ಎಲ್ಲಿಂದ ಬಂತು? ನಾನು ಯಾರ ಮೇಲೂ ಬೆರಳು ತೋರಿಸಲಾರೆ. ಆದರೆ ಡಯಾಲಿಸಿಸ್ ಎಂದರೆ ನಾಲ್ಕು ಗಂಟೆ ಕಾಲ ಮೈಯ ರಕ್ತ ಹೊರಗೆ ಹೋಗಿ, ಸುತ್ತಿ, ಒಳಗೆ ಬರುವ ಕೆಲಸ. ಹೆಪಟೈಟಿಸ್ ಬಿ ವೈರಸ್ಸಾದರೋ ಕಣ್ಣಿಗೆ ಕಾಣದಷ್ಟು ಒಣ ರಕ್ತದಲ್ಲೂ, ಮೇಜಿನ ಮೇಲೆ, ಕತ್ತರಿಯ ಮೇಲೆ ಏಳು ದಿನ ಬದುಕಿರಬಲ್ಲದು. ಗ್ಲೌಸು ಬದಲಿಸದ ಒಂದು ಕೈ, ಒರೆಸದ ಒಂದು ಗುಂಡಿ ಸಾಕು. ಆರೋಗ್ಯವಂತ ದೊಡ್ಡವರಲ್ಲಿ ಈ ವೈರಸ್ಸು ಬಹುಪಾಲು ತಾನಾಗಿ ಮೈಬಿಟ್ಟು ಹೋಗುತ್ತದೆ. ಡಯಾಲಿಸಿಸ್‌ನವರಲ್ಲಿ ಮೈಯಲ್ಲೇ ಠಿಕಾಣಿ ಹೂಡುವುದು ಹೆಚ್ಚು. ಮುಂದೆ ಲಿವರಿಗೆ ಏಟು.

ಪಾಸಿಟಿವ್ ಆದವರಿಗೆ ಪ್ರತ್ಯೇಕ ಮಿಷಿನ್ ಬೇಕು. ಅದು ನಿಯಮ, ಸರಿಯಾದ ನಿಯಮವೇ. ಆದರೆ ಆ ಮಿಷಿನ್ನಿನಲ್ಲಿ ಅವರಿಗೆ ಪಾಳಿ ಸಿಕ್ಕಿದ್ದು ಇನ್ನೊಂದು ಊರಲ್ಲಿ. ಈಗ ಎರಡು ಬಸ್ಸು ಬದಲಿಸಿ ಹೋಗುತ್ತಾರೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ನಿಜ. ಆದರೆ ದಿನ ಪೂರ್ತಿ ಹೋಗುತ್ತದೆ. ಸಂಜೆಯೊಳಗೆ ಕಟ್ಟದ ಹೂವನ್ನು ಯಾರು ಕೊಳ್ಳುತ್ತಾರೆ? ವಾರದಲ್ಲಿ ಮೂರು ದಿನದ ವ್ಯಾಪಾರ ಕೈಬಿಟ್ಟಿತು. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ನನ್ನನ್ನು ಬೈಯಲಿಲ್ಲ. "ನನ್ನ ಮಕ್ಕಳಿಗೂ ಅವರಪ್ಪನಿಗೂ ಹಾಕಿಸಿಬಿಟ್ಟೆ ಕಣಪ್ಪ" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಡವಾದಷ್ಟೂ ನಷ್ಟ

ವ್ಯಾಪಾರಸ್ಥರಿಗೆ ವ್ಯಾಪಾರದ ಭಾಷೆಯಲ್ಲೇ ಹೇಳುತ್ತೇನೆ. ಈ ಲಸಿಕೆ ದಿನ ಕಳೆದಂತೆ ಕಡಿಮೆ ಲಾಭ ಕೊಡುವ ಮಾಲು. ಕಿಡ್ನಿ ನೆಟ್ಟಗಿರುವ ನೂರು ಜನಕ್ಕೆ ಹಾಕಿದರೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ರಕ್ಷಣೆ ಹುಟ್ಟುತ್ತದೆ. ಡಯಾಲಿಸಿಸ್ ಶುರುವಾದವರಿಗೆ ಹಾಕಿದರೆ ಐವತ್ತರಿಂದ ಎಪ್ಪತ್ತು ಜನರಿಗೆ ಹಿಡಿದರೆ ಪುಣ್ಯ. ಕಾರಣ, ಕಿಡ್ನಿ ಸೋತಾಗ ರಕ್ತದಲ್ಲಿ ಕಲ್ಮಶ ನಿಂತು, ರೋಗದ ವಿರುದ್ಧ ಕಾದಾಡುವ ಶಕ್ತಿಯೂ ಮಂಕಾಗುತ್ತದೆ.

ಅದಕ್ಕೇ ಇವರಿಗೆ ಡೋಸು ದೊಡ್ಡದು. ಸಾಮಾನ್ಯವಾಗಿ ದೊಡ್ಡವರಿಗೆ 20 ಮೈಕ್ರೋಗ್ರಾಂ, ಮೂರು ಸಲ. ಡಯಾಲಿಸಿಸ್‌ನವರಿಗೆ ಅದರ ಎರಡು ಪಟ್ಟು, 40 ಮೈಕ್ರೋಗ್ರಾಂ, ನಾಲ್ಕು ಸಲ: ಮೊದಲ ದಿನ, ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆರು ತಿಂಗಳಿಗೆ. ಭಾವನವರ "ನಾಲ್ಕು ಸಲ ಯಾಕೆ" ಎಂಬ ಪ್ರಶ್ನೆಗೆ ಇದೇ ಉತ್ತರ. ಯಾರಾದರೂ ಅವತ್ತು ಹೇಳಿದ್ದರೆ ಅವರು ಒಪ್ಪುತ್ತಿದ್ದರು. ಲೆಕ್ಕ ತಿಳಿಯದ ಮನುಷ್ಯರಲ್ಲ ಅವರು.

ಕೊನೆಯ ಡೋಸಾಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ಆಂಟಿಬಾಡಿ ಅಳತೆ ನೋಡಬೇಕು. 10 ಅಥವಾ ಮೇಲಿದ್ದರೆ ಸರಿ. ಕೆಳಗಿದ್ದರೆ ಇನ್ನೊಂದು ಸುತ್ತು. ಬಂದ ರಕ್ಷಣೆಯೂ ಕರಗುತ್ತಾ ಹೋಗುವುದರಿಂದ ವರ್ಷಕ್ಕೊಮ್ಮೆ ನೋಡಿ, ಇಳಿದಿದ್ದರೆ ಒಂದು ಬೂಸ್ಟರು. ಹೂವಿನಕ್ಕನ ಸುದ್ದಿ ಕೇಳಿದ ಮೇಲೆ ಭಾವ ಹಾಕಿಸಿಕೊಂಡರು. ಮೊದಲ ಸುತ್ತಿಗೆ 4 ಬಂತು. "ದುಡ್ಡು ಹೊಳೇಲಿ ಹಾಕಿದಂಗಾತು" ಎಂದು ಗೊಣಗಿದರು. ಎರಡನೇ ಸುತ್ತು ಈಗ ನಡೆದಿದೆ. ಸಕ್ಕರೆ ಕಾಯಿಲೆಯ ಡಾಕ್ಟರು "ಕ್ರಿಯಾಟಿನಿನ್ ಸ್ವಲ್ಪ ಏರಿದೆ" ಎಂದ ದಿನವೇ ಹಾಕಿಸಿದ್ದರೆ ಒಂದೇ ಸುತ್ತಿಗೆ ಮುಗಿಯುವ ಸಂಭವ ಹೆಚ್ಚಿತ್ತು.

ಮೇಸ್ತ್ರಿಯ ಭಯಕ್ಕೆ ಬರೋಣ. ಕಿಡ್ನಿ ಕಾಯಿಲೆಯವರಿಗೆ ಹೆಪಟೈಟಿಸ್ ಬಿ, ವರ್ಷವರ್ಷದ ಫ್ಲೂ ಸೂಜಿ, ನ್ಯುಮೋನಿಯಾದ ಲಸಿಕೆ ಇವನ್ನು ಹಾಕಿಸಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಇವು ಕಿಡ್ನಿಯನ್ನು ಕೆಡಿಸುವ ವಸ್ತುಗಳಲ್ಲ. ತೋಳು ನೋಯುತ್ತದೆ, ಒಂದು ದಿನ ಮೈ ಬಿಸಿಯಾಗಬಹುದು. ಫಿಸ್ಟುಲಾ ಇರುವ ಕೈ ಬಿಟ್ಟು ಇನ್ನೊಂದು ಕೈಯ ಭುಜಕ್ಕೆ ಹಾಕಿಸಬೇಕು. ರಕ್ತ ಹೆಪ್ಪುಗಟ್ಟದ ಔಷಧಿ ಕೊಟ್ಟಿರುತ್ತಾರಾದ್ದರಿಂದ ಹಾಕಿದ ಜಾಗ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಅಷ್ಟೇ.

ಆದರೆ ಮೇಸ್ತ್ರಿಯ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಜೀವಂತ ರೋಗಾಣುವನ್ನು ಮೆತ್ತಗೆ ಮಾಡಿ ಹಾಕುವ ಕೆಲವು ಲಸಿಕೆಗಳಿವೆ. ದಡಾರದ್ದು, ಸೀತಾಳೆ ಸಿಡುಬಿನದು ಆ ಜಾತಿ. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಿಗೆ ಅವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. "ಕೆಲವರಿಗೆ ಕೆಲವು ಲಸಿಕೆ ಆಗದು" ಎಂಬ ನಿಜ ಬಾಯಿಂದ ಬಾಯಿಗೆ ಹೋಗಿ "ಕಿಡ್ನಿಯವರಿಗೆ ಯಾವುದೂ ಆಗದು" ಎಂದಾಗಿದೆ. ಆ ಹುಡುಗನ ಲೆಕ್ಕ ತಲೆಕೆಳಗಾಗಿರುವುದೂ ಇಲ್ಲೇ. ಕಸಿಯ ನಂತರವಲ್ಲ, ಕಸಿಗೆ ಮುಂಚೆಯೇ ಬೇಕಾದ್ದನ್ನೆಲ್ಲ ಡಾಕ್ಟರನ್ನು ಕೇಳಿ ಮುಗಿಸಿಕೊಳ್ಳಬೇಕು. ನಂತರ ಕೆಲವು ಹಾಕುವಂತಿಲ್ಲ, ಹಾಕಿದವೂ ಸರಿಯಾಗಿ ಹಿಡಿಯುವುದಿಲ್ಲ.

ಅಟ್ಟ ಹತ್ತಿದವರೇ ಸಾಲಿಗೆ ನಿಂತರು

ಮೇಸ್ತ್ರಿಯ ತೋಳಿನ ಮೇಲೆ ಎರಡು ದುಂಡು ಕಲೆ ಇವೆ. ಸಿಡುಬಿನ ದಾಕು ಹಾಕಿದ ಗುರುತು. "ಅವತ್ತು ಅಟ್ಟ ಹತ್ತಿ ಕೂತಿದ್ದೆ ಕಣ್ರಿ, ನಮ್ಮಪ್ಪ ಕಾಲು ಹಿಡಿದು ಎಳೆದು ಹಾಕಿಸಿದ" ಎಂದು ನಗುತ್ತಾರೆ. ನಮ್ಮ ದೇಶದಲ್ಲಿ 1975ರಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು. 1980ರಲ್ಲಿ ಇಡೀ ಲೋಕದಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಟ್ಟ ಹತ್ತಿದ ಹುಡುಗರ ತೋಳಿಗೂ ಬಿಡದೆ ಹಾಕಿದ್ದರಿಂದಲೇ ಅಲ್ಲವೇ?

ಇದೇ ಮೇಸ್ತ್ರಿ 2021ರಲ್ಲಿ ಕೊರೋನಾ ಲಸಿಕೆಗೆ ಯಾರೂ ಎಳೆಯದೆ ಸಾಲಿನಲ್ಲಿ ನಿಂತಿದ್ದರು. ಆ ವರ್ಷ ಮಾರ್ಚ್ 1ರಂದು ಅರವತ್ತು ದಾಟಿದವರಿಗೂ, 45ರಿಂದ 59ರೊಳಗಿನ ಕೆಲವು ಕಾಯಿಲೆಯವರಿಗೂ ಲಸಿಕೆ ತೆರೆಯಿತು. ಸರ್ಕಾರದ ಆ ಇಪ್ಪತ್ತು ಕಾಯಿಲೆಗಳ ಪಟ್ಟಿಯಲ್ಲಿ ಡಯಾಲಿಸಿಸ್‌ನವರೂ ಇದ್ದರು, ಕಿಡ್ನಿ ಕಸಿಯಾದವರೂ ಇದ್ದರು. 45ರ ಒಳಗಿನ ಡಯಾಲಿಸಿಸ್ ರೋಗಿಗಳು ಮಾತ್ರ ಮೇ 1ರವರೆಗೆ ಕಾಯಬೇಕಾಯಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಾಗಲೂ ಇವರು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಲೇಬೇಕಿತ್ತು ಎಂಬುದನ್ನು ಮರೆಯಬೇಡಿ.

ಮೇಸ್ತ್ರಿ ಆಗ ಯಾಕೆ ಹಾಕಿಸಿಕೊಂಡರು? ಕೇಳಿದೆ. "ಮಿಷಿನ್ ಹಚ್ಚೋ ಹುಡುಗ ನಮ್ಮ ಮುಂದೇನೇ ಹೇಳಿದ: ನಾನೂ ಹಾಕಿಸ್ಕೊಂಡೀನಿ, ಎರಡು ದಿನ ಜ್ವರ ಬಂತು, ಹೋಯ್ತು, ನೀವೂ ಹಾಕಿಸ್ಕೊಳ್ರಿ ಅಂದ. ಪಟ್ಟಿಯಾಗ ನಮ್ಮ ಕಾಯಿಲೆ ಹೆಸರೂ ಇತ್ತು." ನೋಡಿ, ಇಷ್ಟೇ ಬೇಕಾಗಿದ್ದದ್ದು. ದಿನಾ ತನ್ನ ಕೈ ಹಿಡಿಯುವ ಒಬ್ಬ ಮನುಷ್ಯ ಎದುರು ನಿಂತು ನಿಜ ಹೇಳಬೇಕು. ಜ್ವರ ಬರುತ್ತದೆ ಎಂಬ ನಿಜವನ್ನೂ ಸೇರಿಸಿ ಹೇಳಬೇಕು.

ಮಗುವಿಗೆ ಕಾರ್ಡಿದೆ, ರೋಗಿಗೆ?

ಇವತ್ತು ಹಳ್ಳಿಯ ಯಾವ ತಾಯಿಯನ್ನಾದರೂ ಕೇಳಿ. ಮಗುವಿನ ಯಾವ ಲಸಿಕೆ ಯಾವ ತಿಂಗಳು ಎಂದು ಕಾರ್ಡು ತೆಗೆದು ತೋರಿಸುತ್ತಾಳೆ. ತಪ್ಪಿದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾರೆ. ಇದೇ ಹೆಪಟೈಟಿಸ್ ಬಿ ಲಸಿಕೆ 2011ರ ಹೊತ್ತಿಗೆ ದೇಶದ ಎಲ್ಲ ಮಕ್ಕಳ ಪಟ್ಟಿಗೂ ಬಂತು. ಒಂದು ಕಾಲಕ್ಕೆ ಹೊರದೇಶದಿಂದ ತರಿಸಬೇಕಿದ್ದ, ಸಾಹುಕಾರರಿಗೆ ಮಾತ್ರ ಎಟುಕುತ್ತಿದ್ದ ಈ ಲಸಿಕೆಯನ್ನು 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ನಮ್ಮಲ್ಲೇ ತಯಾರಿಸಿತು. ಬೆಲೆ ನೆಲಕ್ಕಿಳಿಯಿತು. ಮಾಲಿದೆ, ಅಗ್ಗವೂ ಆಗಿದೆ. ಆದರೆ ನಮ್ಮ ಬಸ್ಸಿನವರಲ್ಲಿ ಒಬ್ಬರ ಫೈಲಿನಲ್ಲೂ ಲಸಿಕೆಯ ಕಾರ್ಡು ಇರಲಿಲ್ಲ.

"ಹೊರಗಡೆ ತಗೊಂಡು ಬನ್ನಿ" ಎನ್ನುವುದೂ ಒಂದು ವಿನೋದವೇ. ಈ ಲಸಿಕೆ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಬಸ್ಸಿನಲ್ಲಿ ಕೂತರೆ ಏನು ಉಳಿದೀತು? ಹಾಗೆಂದು ಐಸ್‌ಗೆ ತಾಗಿಸಿಟ್ಟರೆ ಹೆಪ್ಪುಗಟ್ಟಿ ಅದೂ ಕೆಡುತ್ತದೆ. ಕೆಟ್ಟ ಲಸಿಕೆ ಹಾಕಿ, ಅಳತೆ ಬರಲಿಲ್ಲ ಎಂದು ರೋಗಿಯ ಮೈಯನ್ನು ದೂರುವುದು ಎಲ್ಲಿಯ ನ್ಯಾಯ?

ಆರೋಗ್ಯ ಇಲಾಖೆಯವರನ್ನೂ, ಡಯಾಲಿಸಿಸ್ ಕೇಂದ್ರ ನಡೆಸುವವರನ್ನೂ ಕೇಳುವುದು ದೊಡ್ಡ ಬೇಡಿಕೆಗಳನ್ನಲ್ಲ. ಪ್ರತಿ ಕಿಡ್ನಿ ರೋಗಿಗೂ ಮಗುವಿಗಿರುವಂಥ ಒಂದು ಲಸಿಕೆ ಕಾರ್ಡು ಕೊಡಿ. ಲಸಿಕೆಯನ್ನು ಕೇಂದ್ರದ ಫ್ರಿಜ್ಜಿನಲ್ಲೇ ಇಟ್ಟು, ಡಯಾಲಿಸಿಸ್‌ಗೆ ಬಂದ ದಿನವೇ ಹಾಕಿ. ಬಡವನಿಗೆ ಇನ್ನೊಂದು ದಿನದ ಕೂಲಿ ತಪ್ಪದಿರಲಿ. ರಕ್ತ ಮೊದಲು, ಲಸಿಕೆ ಆಮೇಲೆ ಎಂಬ ಕ್ರಮವಿಟ್ಟುಕೊಳ್ಳಿ. ಗೋಡೆಗೆ ಕನ್ನಡದಲ್ಲಿ ಒಂದು ಬೋರ್ಡು ಹಾಕಿ. ಎಲ್ಲಕ್ಕಿಂತ ಮುಖ್ಯ, ಡಾಕ್ಟರು ಎರಡು ನಿಮಿಷ ನಿಂತು ಬಾಯಿಬಿಟ್ಟು ಹೇಳಲಿ. "ಅವರು ಹೇಳಿದ್ರೆ ಹಾಕಿಸ್ಕೊಳ್ತಿದ್ದೆ" ಎಂದ ಹೂವಿನಕ್ಕನ ಮಾತು ಅಜ್ಞಾನದ್ದಲ್ಲ, ನಂಬಿಕೆಯದು. ಆ ನಂಬಿಕೆಯನ್ನು ಬಳಸಿಕೊಳ್ಳದವರು ಯಾರು?

ಇನ್ನು ಓದುಗರಿಗೊಂದು ಮಾತು. ಗಲ್ಲಾಪೆಟ್ಟಿಗೆ ಮುಂದೆ ಕೂತು ಈ ಪೇಪರ್ ಓದುತ್ತಿರುವ ಯಜಮಾನರೇ, ಕಿಟಕಿ ಸೀಟಿನಲ್ಲಿ ಕೂತಿರುವ ನೌಕರರೇ, ನಿಮಗೆ ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇದ್ದರೆ ಈ ಸುದ್ದಿ ಬೇರೆಯವರದ್ದು ಎಂದು ಪುಟ ತಿರುಗಿಸಬೇಡಿ. ಕಿಡ್ನಿ ಕೆಡಿಸುವುದರಲ್ಲಿ ಇವೆರಡೇ ಮುಂದು. ಡಾಕ್ಟರು ಕ್ರಿಯಾಟಿನಿನ್ ಏರಿದೆ ಎಂದ ದಿನ, ಉಪ್ಪು ಬಿಡಬೇಕಾ ಎಂದು ಕೇಳುವ ಜತೆಗೆ, "ನನಗೆ ಯಾವ ಯಾವ ಲಸಿಕೆ ಬೇಕು ಸಾರ್?" ಎಂದೂ ಕೇಳಿ. ಅವರು ಹೇಳಲಿಲ್ಲವೆಂದರೆ ನೀವೇ ಕೇಳಿ. ನಾಚಿಕೆ ಬೇಡ.

ನಾನೀಗ ಬಸ್ಸಿನಲ್ಲಿ ಹೊಸಬರು ಯಾರೇ ಬಂದರೂ ಮೊದಲು ಅದನ್ನೇ ಕೇಳುತ್ತೇನೆ. ಮೇಸ್ತ್ರಿ ಒಪ್ಪಿದ್ದಾರೆ. ಆ ಹುಡುಗನ ಮೂರನೇ ಡೋಸು ಮುಗಿದಿದೆ. ಭಾವನವರ ಎರಡನೇ ಸುತ್ತಿನ ಅಳತೆ ಇನ್ನೂ ಬರಬೇಕು. ಹೂವಿನಕ್ಕ ಕೂರುತ್ತಿದ್ದ ಸೀಟಿನಲ್ಲಿ ಮಾತ್ರ ಈಗ ಬೇರೆ ಯಾರೋ ಕೂರುತ್ತಾರೆ.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?